ಅರಿಶಿಣ ಹಚ್ಚಿದ ಪಟ್ಟಿ

ನನ್ನ ಮೈದುನ ಅನಿಲಕುಮಾರಗ ತಲಿ ಭಾಳ ಅದ, ಕಿವಿ ಒಂದೇ ಇಲ್ಲ. ಜಹೀರಾಬಾದ್ ಹೈವೇ ಬಾಜೂಕ ಸಣ್ಣ ಶೆಡ್ ಹಾಕ್ಯಾನ. ದೊಡ್ಡ ಕಂಪನ್ಯಾಗ ಗ್ಯಾಸ್ ನೀರಾಗೂ ತನಕ ತಣ್ಣಗ ಮಾಡಿ ಪೈಪಿನಾಗ ಬಿಡ್ತಾರಂತ. ಆ ಪೈಪ್ ಸೋರಿದ್ರ ಸುತ್ತಾಕ ಪಟ್ಟಿ ಬೇಕು, ಆದ್ರ ಆ ಥಂಡಿಗಿ ಬ್ಯಾರೆ ಬಟ್ಟಿ ಹಪ್ಪಳದಂಗ ಮುರೀತಾವ. ನಮ್ಮ ಕುರಿ ಉಣ್ಣಿ ನೂಲು, ಗಾಜಿನ ನೂಲು ಕೂಡಿಸಿ ಮುರೀಲಾರದ ಪಟ್ಟಿ ಮಾಡೇ ಮಾಡ್ತೀನಿ ಅಂತ ಹಟ ಹಿಡ್ದ. ಕಂಬಳಿ ನೇಯೂ ಮನಿ ನಮ್ದು. ನೇದಾಕಿ ನಾ.

ಅವತ್ತ ಕಂಪನಿ ಸಾಹೇಬರು ಪರೀಕ್ಷಾ ನೋಡಾಕ ಬಂದಿದ್ರು. ಪಾಸಾದ್ರ ಆರ್ಡರ್, ಇಲ್ಲಂದ್ರ ಶೆಡ್ಡಿಗಿ ಕೀಲಿ. ಹೊಸ ಅರಿವಿ ಅರಿಶಿಣ ಹಚ್ಚದೇ ಯಾರರೆ ಬಳಸ್ತಾರೇನ್ರಿ? ಅರಿಶಿಣ ನೀರಾಗ ಕಲಸಿ ಪಟ್ಟಿ ತುದಿಗಿ ಹಚ್ಚಿದೆ. ಹಸಿ ಕೈಲೇ ಗ್ಲೌಸ್ ಹಾಕ್ಕೊಂಡೆ.

ಪೈಪಿನಾಗ ಸುಡುವಂಥ ಥಂಡಿ ನೈಟ್ರೋಜನ್ ಬಿಟ್ಟಿದ್ರು. ಬಾಜೂಕ ಮೀಟರ್ ಇಟ್ಟಿದ್ರು, ಅದು ಕೀಂವ್ ಅನ್ನೂ ತನಕ ಪಟ್ಟಿ ಸೋರದಂಗ ತಡದ್ರ ಪಾಸ್. ತೂತಿನಿಂದ ಬಿಳಿ ಹೊಗಿ ಬರ್ಲತ್ತಿತ್ತು. ನಾ ಪಟ್ಟಿ ಬಿಗಿದು ಸುತ್ತಿ, ಅರಿಶಿಣದ ತುದಿ ಒತ್ತಿ ಹಿಡ್ದೆ. ಹೊಗಿ ನಿಂತು. ಕೈ ತಗೀಬೇಕಂದ್ರ ಬರವಲ್ದು! ಅರಿಶಿಣದ ನೀರು ಬರ್ಫ ಆಗಿ ಪಟ್ಟಿ, ಗ್ಲೌಸ್, ಬೆರಳು ಎಲ್ಲಾ ಒಂದಾಗಿದ್ವು.

"ಅನಿಲ್ಯಾ, ಕೈ ಹತ್ಯಾದೋ! ನೀರ ಹಾಕೋ!"

"ನೀರ ಹಾಕಿದ್ರ ಪರೀಕ್ಷಾ ಹಾಳಾಗ್ತದ್ರಿ ಅತ್ತಿಗಿ. ಮೀಟರ್ ಮುಗಿಯೂ ತನಕ ತಡೀರಿ."

"ನಿನ್ನ ಮೀಟರಿಗಿ ಬೆಂಕಿ ಹತ್ತಲಿ! ಬೆರಳ ಸುಡ್ಲತ್ತಾವ!"

ಅಂವ ನನ್ನ ಕೈ ಕಡಿ ನೋಡ್ಲೇ ಇಲ್ಲ. ಜಗ್ಗಿದ್ರ ಚರ್ಮ ಬರ್ತದ, ಜಗ್ಗಲಿಲ್ಲಂದ್ರ ಬೆರಳು ಹೋಗ್ತಾವ. ಸ್ವಲ್ಪ ಹೊತ್ತಿಗಿ ಉರಿ ನಿಂತು. ಆಗ ಖರೇ ಹೆದರಿಕಿ ಬಂತು ನೋಡ್ರಿ ನನಗ.

ನನ್ನ ಗಂಡ ಬೀರಣ್ಣ ಕುರಿ ಉಣ್ಣಿ ಕತ್ತರಸೂ ಕತ್ತರಿ ತಂದು ಪಟ್ಟಿಗಿ ಹಾಕ್ದ. ಎಷ್ಟು ಕೊಯ್ದ್ರೂ ಒಂದು ಎಳಿ ಹರೀಲಿಲ್ಲ. ಅಷ್ಟು ಗಟ್ಟಿ ನೇದಾಕಿ ನಾನೇ, ಯಾರಿಗಿ ಬೈಲಿ?

"ಶಾಬಾಶ್! ಕತ್ತರಿಗೂ ಬಗ್ಗಲ್ಲ!" ಅಂದ್ರು ಸಾಹೇಬರು, ಚಪ್ಪಾಳಿ ಹೊಡ್ದು.

ಬೀರಣ್ಣ ನೀರಿನ ಕೊಡ ಎತ್ತಿದ. ಅನಿಲ ಅವನ ರಟ್ಟಿ ಹಿಡ್ದು ನಿಂತ, ಸ್ವಂತ ಅಣ್ಣನ ರಟ್ಟಿ. ಮೀಟರ್ ಕೀಂವ್ ಅಂದ ಮ್ಯಾಲೇ ಬಿಟ್ಟ. ನೀರು ಬಿತ್ತು, ಕೈ ಬಿಡ್ತು. ಗ್ಲೌಸ್ ತಗದ್ರ ಬೆರಳು ಬೆಳ್ಳಗ ಮೇಣ ಆಗಿದ್ವು.

"ಪಾಸ್ ಆತ್ರಿ ಅತ್ತಿಗಿ! ನಿಮ್ಮ ಕೈ ಗುಣಾ!" ಅಂತ ಅನಿಲ ಅಳಕೋತ ನನ್ನ ಕಾಲಿಗಿ ಬಿದ್ದ.

ಸಿಟ್ಟು ಇನ್ನೂ ಆರಿರಲಿಲ್ಲ. ಆದ್ರೂ ಕಾಲಿಗಿ ಬಿದ್ದವನ ತಲಿ ಮ್ಯಾಲ ಕೈ ಇಡೂ ರೂಢಿ, ಇಟ್ಟೆ. ಅವನ ಕೂದಲು ನನ್ನ ಬೆರಳಿನ ಸಂದಿಯಾಗ ಕಂಡ್ವು. ತಾಕಿದ್ದು ಬೆರಳಿಗಿ ಗೊತ್ತಾಗ್ಲಿಲ್ಲ.