ಎರಡನೆಯ ಕೆಜಾಯಾ

ಮೊಮ್ಮಗಳಿಗೆ ಕೆಜಾಯಾ ಎಂದೇ ಹೆಸರಿಡಬೇಕೆಂದು ಲುವೆಲಾ ಹಟ ಹಿಡಿದು ತಿಂಗಳಾಗಿತ್ತು. ಬ್ರಿಟಿಷರ ಕಾಲದ ಮೂಲಜ್ಜಿಯ ಹೆಸರದು. ಆಕೆ ಚರ್ಚಿನ ಹಿರಿಯ ಥ್ಯಾಕ್ಸ್ಟನ್‌ನ ಮಗಳು; ಮ್ಯಾಸಚೂಸೆಟ್ಸ್‌ನ ಈ ಊರು ಕಟ್ಟಿದವರ ರಕ್ತ, ಕಡಿಮೆ ಮಾತೇ! ಭಾನುವಾರ ಮಗುವಿಗೆ ಹೆಸರಿಡುವ ದೀಕ್ಷಾಸ್ನಾನ. ಮೂಲಜ್ಜಿ ಹುಟ್ಟಿದ ದಿನವೊಂದು ಸಿಕ್ಕರೆ ವಂಶದ ಪಟ ಪೂರ್ತಿಯಾಗುತ್ತದೆಂದು ಶುಕ್ರವಾರ ಬೆಳಿಗ್ಗೆಯೇ ಊರಿನ ಕಚೇರಿಗೆ ಬಂದು ಕೂತಿದ್ದಳು.

ಹಳೆಯ ದಾಖಲೆ ನೋಡಿಕೊಳ್ಳುವ ಆರ್ಲೀನ್ ಅವಳ ಶಾಲೆಯ ಗೆಳತಿ. ಪುಟ ತಿರುವುತ್ತಿದ್ದವಳು ಕನ್ನಡಕ ಹಣೆಗೇರಿಸಿದಳು.

"ನಿಮ್ಮಜ್ಜಿ ಮೂರು ವರ್ಷಕ್ಕೇ ತೀರ್ಕೊಂಡಿದ್ದಾಳಲ್ಲೇ. ಗಂಟಲು ರೋಗ, ಸಾವಿರದ ಏಳುನೂರ ನಲವತ್ತಾರು."

"ಸತ್ತ ಮಗೂ ಹೆಸರನ್ನ ಮುಂದಿನ ಮಗೂಗೆ ಇಡ್ತಿದ್ರು ಕಣೇ ಆಗ. ನಮ್ಮ ವಂಶದಲ್ಲೇ ಹಂಗೆ ಎಬೆನ್ ಅಂತ ಮೂರು ಮಕ್ಕಳು ಇಲ್ವಾ? ಎರಡನೇ ಕೆಜಾಯಾನ ಹುಡುಕು. ಸುಮ್ನೆ ಸಂಬಳ ಕೊಡ್ತಾರಾ ನಿಂಗೆ?"

"ಅವರು ಕೊಡೋ ಸಂಬಳಕ್ಕೆ ನಿನ್ನ ಬೈಗುಳ ಬೇರೆ," ಎನ್ನುತ್ತ ಆರ್ಲೀನ್ ಚರ್ಚಿನ ಪುಸ್ತಕ ತಂದಿಟ್ಟಳು.

ಎರಡನೆಯ ಕೆಜಾಯಾ ಸಿಕ್ಕಳು. ಮರುವರ್ಷದ ಪುಟದಲ್ಲೇ ಇದ್ದಳು. ಲುವೆಲಾ ಬೆರಳಿಟ್ಟು ಜೋರಾಗಿ ಓದತೊಡಗಿದಳು: "ಥ್ಯಾಕ್ಸ್ಟನ್ ಮನೆಯ ಆಳು, ಯುದ್ಧದಲ್ಲಿ ಸೆರೆಸಿಕ್ಕ ಮೂಲನಿವಾಸಿ ಹುಡುಗಿ, ಸುಮಾರು ಆರು ವರ್ಷ. ಯಜಮಾನನ ಇಚ್ಛೆಯಂತೆ, ತೀರಿಕೊಂಡ ಮಗಳ ಹೆಸರಿನಿಂದಲೇ..." ದನಿ ಅಲ್ಲಿಗೇ ನಿಂತಿತು.

"ಇವಳಲ್ಲ ಕಣೇ. ಇನ್ನೊಬ್ಬಳು ಇರ್ಬೇಕು."

ಆರ್ಲೀನ್ ಕೊನೆಯ ಪುಟದವರೆಗೂ ನೋಡಿದಳು. ಮಗಳು ಸತ್ತ ವಾರವೇ ತಾಯಿಯೂ ಹೋಗಿದ್ದಳು. ಥ್ಯಾಕ್ಸ್ಟನ್ ಮತ್ತೆ ಮದುವೆಯಾಗಿರಲಿಲ್ಲ. ಆ ಮನೆಯಲ್ಲಿ ಬೇರೆ ಮಗು ಹುಟ್ಟಿರಲೇ ಇಲ್ಲ.

"ನಿಮ್ಮಜ್ಜಿ ಮದುವೆ ದಾಖಲೆ ನೋಡು. 'ಥ್ಯಾಕ್ಸ್ಟನ್ ಮನೆಯ ಕೆಜಾಯಾ' ಅಂತ ಬರ್ದಿದ್ದಾರೆ. ಮಗಳು ಅಂತ ಬರ್ದಿಲ್ಲ."

ಆ ಸಾಲನ್ನು ಲುವೆಲಾ ನಲವತ್ತು ವರ್ಷಗಳಿಂದ ಮಗಳೆಂದೇ ಓದಿಕೊಂಡು ಬಂದಿದ್ದಳು, ಕಂಡಕಂಡವರಿಗೆಲ್ಲ ಓದಿ ಹೇಳಿದ್ದಳು. ನಾಚಿಕೆಯಿಂದ ಮುಖ ಕೆಂಪಾಯಿತು. ಅದರ ಹಿಂದೆಯೇ ಸಿಟ್ಟು ಬಂತು. ಹಿರಿಯನಂತೆ ಹಿರಿಯ! ಯಾರದೋ ಮಗುವನ್ನು ಹಿಡಿದು ತಂದು ಸತ್ತವಳ ಹೆಸರು ಕಟ್ಟಿದ್ದಾನೆ.

"ಆರು ವರ್ಷದ ಮಗೂಗೆ ಅದರದ್ದೇ ಒಂದು ಹೆಸರು ಇರಲ್ವೇನೇ, ಆರ್ಲೀನ್?"

"ಇರುತ್ತೆ. ಕರೆದ್ರೆ ತಿರುಗಿ ನೋಡೋ ವಯಸ್ಸು."

ಲುವೆಲಾ ಮಗಳು ಡೆಲ್ಫೀನ್‌ಗೆ ಫೋನು ಹಚ್ಚಿದಳು.

"ಮಗೂಗೆ ಆ ಹೆಸರು ಬೇಡ ಕಣೆ."

"ಅಮ್ಮಾ, ಕೇಕ್ ಮೇಲೆ ಬರೆಸಿ ಆಯ್ತು. ತಿಂಗಳಿಂದ ತಲೆ ತಿಂದೋಳು ನೀನೇ ತಾನೆ?"

"ಅದು ಅಜ್ಜಿ ಹೆಸರಲ್ಲ. ಹಿಡಿದು ತಂದೋರು ಇಟ್ಟಿದ್ದು." ಎಲ್ಲವನ್ನೂ ಹೇಳಿದಳು.

ಡೆಲ್ಫೀನ್ ಮೆಲ್ಲಗೆ ಅಂದಳು: "ಹಂಗಾದ್ರೆ ಅಜ್ಜಿಯ ನಿಜವಾದ ಹೆಸರನ್ನೇ ಇಡೋಣ ಬಿಡು. ಏನದು?"

ಲುವೆಲಾ ಫೋನನ್ನು ಕಿವಿಯಿಂದ ಇಳಿಸದೆಯೇ ಮತ್ತೆ ಪುಟ ತಿರುವತೊಡಗಿದಳು.