ತಣ್ಣಗಿರಲಿ

ಇಸ್ತ್ರಿ ಅಂಗಡಿಯ ಅಕ್ಕನ ಕೈಯೂ ಬಿಸಿ, ಬಾಯಿಯೂ ಬಿಸಿ ಎಂಬುದು ಬೀದಿಗೆಲ್ಲ ಗೊತ್ತಿದ್ದ ಸಂಗತಿ. ಅಂಥ ಗಟ್ಟಿಗಿತ್ತಿ ಆಸ್ಪತ್ರೆಯ ಫೋನ್ ಎತ್ತಿದ್ದೇ ತಡ, ಕಾದ ಇಸ್ತ್ರಿಪೆಟ್ಟಿಗೆಯನ್ನು ತಮ್ಮನ ಹೊದಿಕೆಯ ಮೇಲೇ ಬಿಟ್ಟು ನೆಲಕ್ಕೆ ಕುಸಿದಳು. ಆ ಕಡೆಯಿಂದ ನರ್ಸ್ ಹೇಳಿದ್ದು ಇಷ್ಟೇ: "ನಿಮ್ಮ ತಮ್ಮನ ಆಪರೇಷನ್ ಮುಗೀತಮ್ಮ. ಮೈ ತಣ್ಣಗಾಗಿದೆ. ಬಂದು ನೋಡಬಹುದು."

ಇದನ್ನು ಕೇಳಿ ಯಾರ ಎದೆ ಒಡೆಯುವುದಿಲ್ಲ, ಹೇಳಿ? ನಮ್ಮ ಮಾತಿನಲ್ಲಿ ಮೈ ತಣ್ಣಗಾಯಿತು ಎಂದರೆ ಕಥೆ ಮುಗಿಯಿತು ಎಂದೇ ಅರ್ಥ. ಅಂಗಡಿಗಳಿಗೆ ಬೋರ್ಡು ಬರೆಯುವ ಆ ತಮ್ಮ ಬೆಳಗ್ಗೆ ಏಣಿಯಿಂದ ಬಿದ್ದು ಬೆನ್ನುಹುರಿ ಜಜ್ಜಿಕೊಂಡಿದ್ದ. "ಅಕ್ಕಾ, ನನ್ ಕಾಲೆಲ್ಲಿ?" ಎಂದು ಕೇಳಿದ್ದ. ಅವನನ್ನು ಒಳಗೆ ಕರೆದೊಯ್ದ ಮೇಲೆ ಸುಮ್ಮನೆ ಕೂರಲಾರದೆ, ಹೊದಿಕೆಯನ್ನಾದರೂ ಬೆಚ್ಚಗೆ ಮಾಡಿ ತರೋಣವೆಂದು ಅಕ್ಕ ಅಂಗಡಿಗೆ ಓಡಿ ಬಂದಿದ್ದಳು.

ಸುಟ್ಟ ವಾಸನೆಯ ಹೊದಿಕೆಯನ್ನು ಎದೆಗೆ ಅವುಚಿಕೊಂಡು, ಬೊಬ್ಬೆ ಹೊಡೆಯುತ್ತ ಅವಳು ವಾರ್ಡಿಗೆ ನುಗ್ಗಿದಾಗ ನರ್ಸ್ ಗಾಬರಿಯಾದಳು. "ಅಯ್ಯೋ, ಯಾಕಮ್ಮಾ ಅಳ್ತೀರಾ? ಎದೆ ನೋಡಿ, ಉಸಿರಾಡ್ತಿದಾನೆ!"

"ತಣ್ಣಗಾಗಿದಾನೆ ಅಂದ್ಯಲ್ಲೇ, ನಿನ್ ಬಾಯಿಗೆ ಬೆಂಕಿ ಹಾಕ!"

"ನಾವೇ ತಣ್ಣಗೆ ಮಾಡಿರೋದು! ಡಾಕ್ಟರು ಬೆಳಗ್ಗೆ ಹೇಳಿದ್ರಲ್ಲಾ?"

ಹೇಳಿದ್ದರು, ನಿಜ. ಆಗ ಅಕ್ಕನ ಕಿವಿ ಅವಳ ಹತ್ತಿರ ಇದ್ದರೆ ತಾನೇ! ಈಗ ತಮ್ಮನ ಪಾದ ಮುಟ್ಟಿದಳು. ಬಾವಿಕಟ್ಟೆಯ ಕಲ್ಲಿನಂತೆ ಕೊರೆಯುತ್ತಿತ್ತು. ತಡೆಯಲಾರದೆ ಹೊದಿಕೆ ಹೊದಿಸಿದಳು. ನರ್ಸ್ ತೆಗೆದಳು. ಇವಳು ಮತ್ತೆ ಹೊದಿಸಿದಳು, ಅವಳು ಮತ್ತೆ ತೆಗೆದಳು.

"ಬೆಂಕಿ ಬಿದ್ದ ಮನೆ ಹೋಯ್ತು ಅಂತಿಟ್ಕೊಳ್ಳಿ," ಎಂದಳು ನರ್ಸ್, ಹೊದಿಕೆಯನ್ನು ಮಡಿಸುತ್ತ. "ಪಕ್ಕದ ಮನೆಗೆ ಹತ್ತಬಾರದು ಅಂತ ನೀರು ಹಾಕಲ್ವಾ? ಪೆಟ್ಟು ಬಿದ್ದ ಜಾಗದಲ್ಲಿ ಊತ ಏರಿ ಸುತ್ತಲಿನ ಜೀವಕೋಶಗಳೂ ಸಾಯ್ತವೆ. ಅವನ್ನ ಉಳಿಸೋಕೆ ಈ ತಂಪು. ಖಂಡಿತಾ ಫಲ ಸಿಗುತ್ತೆ ಅಂತ ಡಾಕ್ಟರೂ ಹೇಳಲ್ಲ, ನಾನೂ ಹೇಳಲ್ಲ."

ಅಕ್ಕ ಮತ್ತೆ ಹೊದಿಕೆಗೆ ಕೈ ಹಾಕಲಿಲ್ಲ. ಇದೇ ಒಂದು ಪವಾಡ!

ಕೂತು ನೋಡುತ್ತ ನೋಡುತ್ತ ಅವಳ ಸಿಟ್ಟು ಬೆರಗಾಯಿತು. ತಮ್ಮನ ತೊಡೆಯ ರಕ್ತನಾಳದೊಳಗೆ ಸಣ್ಣ ಕೊಳವೆ, ಅದರೊಳಗೆ ಸುತ್ತುತ್ತಿದ್ದ ತಣ್ಣೀರು, ಪಕ್ಕದಲ್ಲಿ ಗುಂಯ್‌ಗುಡುವ ಯಂತ್ರ. ನರ್ಸ್ ಮಾತ್ರ ಯಂತ್ರವನ್ನಷ್ಟೇ ನಂಬಿ ಕೂತವಳಲ್ಲ. ಮತ್ತೆ ಮತ್ತೆ ಬಂದು ಅವನ ದವಡೆಯ ಮೇಲೆ ಬೆರಳಿಟ್ಟು ಅದು ನಡುಗುತ್ತಿದೆಯೇ ಎಂದು ನೋಡುತ್ತಿದ್ದಳು. ನಡುಕ ಶುರುವಾದರೆ ಮೈ ತಾನೇ ಕಾವೇರಿಸಿಕೊಂಡು ಪಟ್ಟ ಪಾಡೆಲ್ಲ ನೀರುಪಾಲು. ಹೆಚ್ಚು ತಣ್ಣಗಾದರೆ ಹೃದಯಕ್ಕೆ ಕೇಡು. ರೇಷ್ಮೆ ಸೀರೆಗೆ ಇಸ್ತ್ರಿ ಹಾಕುವಾಗ ತಾನೂ ಹೀಗೇ ಉಸಿರು ಬಿಗಿಹಿಡಿಯುತ್ತೇನೆ ಎಂದುಕೊಂಡಳು ಅಕ್ಕ. ಆದರೆ ಸೀರೆ ಸುಟ್ಟರೆ ಬೈಗುಳ, ಅಷ್ಟೆ. ಇಲ್ಲಿ ತಮ್ಮನ ಕಾಲು. ಎಂಥ ಕೈಯಪ್ಪಾ ಈ ಹುಡುಗಿಯದು ಎಂದು ಅವಳ ಮನಸ್ಸು ತುಂಬಿ ಬಂತು.

ಮೈಯನ್ನು ಮತ್ತೆ ಬಿಸಿ ಮಾಡುವಾಗಲೂ ಅದೇ ತಾಳ್ಮೆ, ಇಷ್ಟಿಷ್ಟೇ. ಕೊನೆಗೆ ತಮ್ಮ ಕಣ್ಣು ಬಿಟ್ಟ, ಉಸಿರಾಟಕ್ಕೆಂದು ಗಂಟಲಿಗೆ ಇಳಿಸಿದ್ದ ಕೊಳವೆಯನ್ನೂ ತೆಗೆದರು. ಆದರೆ ಎರಡೂ ಕಾಲು ಕೊರಡಿನಂತೆ ಬಿದ್ದೇ ಇದ್ದವು. ಅಕ್ಕ ಪಾದ ತಿಕ್ಕಿದಳು, ಕರೆದಳು, ಗದರಿದಳು. ಏನೂ ಇಲ್ಲ.

ಮಾರನೆಯ ಬೆಳಗ್ಗೆ ಅವನು ಮುಖ ಸಿಂಡರಿಸಿದ. "ಅಕ್ಕಾ, ಕಿಟಕಿ ಹಾಕೇ. ಕಾಲಿಗೆ ಚಳಿ."

ಅಕ್ಕನ ಕೈಯಲ್ಲಿದ್ದ ಲೋಟ ಬಿತ್ತು. "ಯಾವ ಕಾಲಿಗೋ?"

"ಎಡಗಾಲಿಗೆ."

"ಸಿಸ್ಟರ್! ಓ ಸಿಸ್ಟರ್! ನನ್ ತಮ್ಮಂಗೆ ಚಳಿಯಂತೆ ಕಣಮ್ಮಾ!"

ನರ್ಸ್ ಓಡಿ ಬಂದಳು. ಅವನ ಕಣ್ಣು ಮುಚ್ಚಿಸಿ, ಎಡಗಾಲಿನ ಹೆಬ್ಬೆರಳಿಗೆ ತಣ್ಣನೆಯ ಚಮಚ ಮುಟ್ಟಿಸಿದಳು. "ಥೂ, ಕೊರೀತದೆ!" ಎಂದ ಅವನು. ಬಲಗಾಲಿಗೆ ಮುಟ್ಟಿಸಿದಾಗ ಸುಮ್ಮನಿದ್ದ. ನರ್ಸ್ ಕಪಾಟಿನಿಂದ ಆ ಹೊದಿಕೆ ತಂದು, ಇಸ್ತ್ರಿಪೆಟ್ಟಿಗೆಯ ಕರಿ ಗುರುತು ಕೆಳಗಾಗುವಂತೆ ಮಡಿಸಿ ಅಕ್ಕನ ಕೈಗಿತ್ತಳು. "ಈಗ ಹೊದಿಸಿ."

ಅಕ್ಕ ಅವಳ ಎರಡೂ ಕೈ ಹಿಡಿದುಕೊಂಡಳು. "ನಿನ್ ಹೊಟ್ಟೆ ತಣ್ಣಗಿರಲಿ ಕಣೇ, ನನ್ನವ್ವ."

"ಈಗ ಯಾರಮ್ಮಾ ತಣ್ಣಗೆ ಅಂದಿದ್ದು?" ಎಂದು ನರ್ಸ್ ನಗುತ್ತಲೇ ಕಣ್ಣೊರೆಸಿಕೊಂಡಳು.

ಅಕ್ಕ ಎಡಗಾಲಿಗೆ ಮಾತ್ರ ಹೊದಿಸಿದಳು. ಬಲಗಾಲನ್ನು ಗಾಳಿಗೆ ಬಿಟ್ಟು, ಅದೂ ಚಳಿಯೆಂದು ದೂರುವುದನ್ನು ಕಾಯುತ್ತ ಪಕ್ಕದಲ್ಲೇ ಕೂತಳು.