ಬೆಚ್ಚಗಿಟ್ಟ ಕಡ್ಡಿ

ಆ ಪ್ರಯೋಗಾಲಯದಲ್ಲಿ ಗಂಡ ಲೋಹ ಕರಗಿಸಿ ಎರಕ ಹೊಯ್ಯುವವನು, ಹೆಂಡತಿ ಅದರ ಗಟ್ಟಿತನ ಅಳೆಯಲು ಯಂತ್ರಕ್ಕೆ ಕೊಟ್ಟು ಮುರಿಯುವವಳು. "ಅವನು ಕಟ್ಟೋದು, ಇವಳು ಮುರಿಯೋದು, ಚೆನ್ನಾಗಿದೆ ಸಂಸಾರ" ಎಂದು ಜೊತೆಯವರು ಕಾಲೆಳೆಯುತ್ತಿದ್ದರು. ಅವಳಿಗೆ 'ಮುರಿಯೋ ಮೇಡಂ' ಎಂಬ ಹೆಸರೇ ಬಿದ್ದಿತ್ತು. ತಮಾಷೆಯೆಂದರೆ, ಮನೆಯಲ್ಲಿ ಇಬ್ಬರೂ ಒಂದು ದಿನವೂ ದನಿ ಎತ್ತಿದವರಲ್ಲ. ಹಾಲು ಉಕ್ಕಿ ಹೋದರೂ ಪರವಾಗಿಲ್ಲ, ಹುಟ್ಟುಹಬ್ಬ ಮರೆತರೂ ಪರವಾಗಿಲ್ಲ. ಕಳೆದ ಚಳಿಗಾಲದ ಒಂದು ಸಂಜೆ ಅವನು ಒಣಗಿದ ಬಟ್ಟೆ ಮಡಚುತ್ತ, "ಬೇರೆ ಊರಲ್ಲಿ ಕೆಲಸ ಸಿಕ್ಕಿದೆ, ಒಬ್ನೇ ಹೋಗ್ತೀನಿ" ಎಂದ. ಇವಳು ಅದಕ್ಕೂ ಪರವಾಗಿಲ್ಲ ಎಂದಳು. ಅವನು ಹೋಗಿಯೇಬಿಟ್ಟ.

ಅತ್ತೆ ಮಾತ್ರ ಸೊಸೆಯನ್ನು ಬಿಟ್ಟಿರಲಿಲ್ಲ. ವಾರಕ್ಕೊಮ್ಮೆ ಫೋನು ಮಾಡಿ ಬೇಜಾರು ತೋಡಿಕೊಳ್ಳುತ್ತಿದ್ದರು. "ಒಂದ್ಸಲನಾದ್ರೂ ಪಾತ್ರೆ ಎಸೆದು ಜಗಳ ಆಡ್ಬಾರದಿತ್ತೇನಮ್ಮಾ? ನಾನೂ ನಿನ್ನ ಮಾವನೂ ಕಿತ್ತಾಡದ ದಿನ ಇಲ್ಲ. ಆದ್ರೂ ಅವ್ರು ಅಂಗಡಿಗೆ ಹೋಗಿ ಬರೋದು ತಡವಾದ್ರೆ ನಂಗೆ ಜೀವ ನಿಲ್ಲಲ್ಲ."

ಇವಳಿಗೂ ಜೀವ ನಿಲ್ಲುತ್ತಿರಲಿಲ್ಲ, ಹೇಳಿಕೊಳ್ಳಲು ಬಾಯಿ ಬರುತ್ತಿರಲಿಲ್ಲ ಅಷ್ಟೇ. ಅಚ್ಚಿನಿಂದ ಆಗಷ್ಟೇ ತೆಗೆದ ಕಡ್ಡಿಯನ್ನು ಅವನು ಮುಷ್ಟಿಯಲ್ಲಿ ಹಿಡಿದು ತಂದು, "ಇದನ್ನ ಮುರಿ ನೋಡೋಣ" ಎಂದು ಅವಳ ಅಂಗೈಗೆ ಹಾಕುತ್ತಿದ್ದ. ಅದು ಇನ್ನೂ ಬೆಚ್ಚಗಿರುತ್ತಿತ್ತು. ಅವನು ಎರೆದ ಕಡ್ಡಿಗಳಲ್ಲಿ ಒಂದು ಉಳಿದಿತ್ತು. ತೇವ ತಗುಲದಿರಲಿ ಎಂಬ ನೆಪ ಹೇಳಿ ಅದನ್ನು ಒಣಗಿಸುವ ಓವನ್ನಿನ ಮೂಲೆಯಲ್ಲಿ ಇಟ್ಟಿದ್ದಳು. ಬೆಳಿಗ್ಗೆ ಬಂದವಳೇ ಬಟ್ಟೆಯಲ್ಲಿ ಸುತ್ತಿ ಒಂದು ಗಳಿಗೆ ಕೈಯಲ್ಲಿ ಹಿಡಿದುಕೊಂಡು, ಮತ್ತೆ ಒಳಗಿಡುತ್ತಿದ್ದಳು.

ಇದು ಎಷ್ಟು ದಿನ ನಡೆದೀತು? "ವರದಿಗೆ ಇನ್ನೊಂದೇ ಒಂದು ಪರೀಕ್ಷೆ ಬಾಕಿ, ಆ ಕಡ್ಡಿ ಇದೆಯಲ್ಲ" ಎಂದು ಮುಖ್ಯಸ್ಥರು ಕೇಳಿದಾಗ ಇಲ್ಲವೆನ್ನಲಾಗಲಿಲ್ಲ.

ಮಧ್ಯಾಹ್ನ ಯಂತ್ರದ ಎರಡು ದವಡೆಗಳ ನಡುವೆ ಅದನ್ನು ನಿಲ್ಲಿಸಿದಳು. ಕೆಲವು ಮಿಶ್ರಲೋಹಗಳನ್ನು ಕರಗಿಸಿ ಥಟ್ಟನೆ ತಣಿಸಿದರೆ ಅವುಗಳ ಪರಮಾಣುಗಳಿಗೆ ಸಾಲಾಗಿ ನಿಲ್ಲಲು ಪುರಸೊತ್ತೇ ಸಿಗುವುದಿಲ್ಲ, ಇದ್ದ ಹಾಗೇ ಗಟ್ಟಿಯಾಗುತ್ತವೆ. ಅವನು ಎರೆಯುತ್ತಿದ್ದ ಕಡ್ಡಿಗಳು ಅಂಥ ಲೋಹದ ಗಾಜು, ಉಕ್ಕನ್ನೂ ನಾಚಿಸುವಷ್ಟು ಗಟ್ಟಿ. ಒತ್ತಡ ಏರಿದಾಗ ಅದು ಓರೆಯಾಗಿ, ತೀರಾ ತೆಳುವಾದ ಪದರಗಳಲ್ಲಿ ಜಾರುತ್ತದೆ. ಅಲ್ಲಿಷ್ಟು ಇಲ್ಲಿಷ್ಟು ಹಲವು ಕಡೆ ಜಾರಿದರೆ ಕಡ್ಡಿ ತುಸು ಕುಗ್ಗಿಯಾದರೂ ಉಳಿದುಕೊಳ್ಳುತ್ತದೆ. ಜಾರುವುದೆಲ್ಲ ಒಂದೇ ಕಡೆಯಾದರೆ ಮುಗಿಯಿತು. ಅವನ ಕಡ್ಡಿಗಳು ಯಾವಾಗಲೂ ಮೊದಲು ಟಿಕ್ ಟಿಕ್ ಎಂದು ಗೊಣಗುತ್ತಿದ್ದವು, ಪರದೆಯ ಮೇಲೆ ಒತ್ತಡದ ಗೆರೆ ಗರಗಸದ ಹಲ್ಲಿನಂತೆ ಏರಿಳಿಯುತ್ತಿತ್ತು. ಆ ಗೊಣಗಾಟಕ್ಕಾಗಿ ಅವಳು ಕಿವಿಯಿಟ್ಟು ಕಾದಳು.

ಗೆರೆ ನೆಟ್ಟಗೆ ಏರಿತು. ಒಂದೇ ಸಲ ಫಟ್ ಎಂದಿತು.

ಎರಡು ತುಂಡು, ಓರೆ ಮುಖ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಜಾರಿದ ಬಿಸಿಗೆ ಕರಗಿದ ಲೋಹ ಅಲ್ಲಲ್ಲಿ ಹನಿಗಟ್ಟಿತ್ತು. ಆಗ ಅವಳಿಗೆ ಹೊಳೆಯಿತು. ತಿಂಗಳುಗಟ್ಟಲೆ ಬಿಸಿಯಲ್ಲಿಟ್ಟರೆ ಪರಮಾಣುಗಳು ಒತ್ತೊತ್ತಾಗಿ ಕೂತು, ಈ ಗಾಜು ಪೆಡಸಾಗುತ್ತದೆ. ಹೊಸಬರಿಗೆ ಇದನ್ನು ಕಲಿಸುತ್ತಿದ್ದವಳೇ ಅವಳು. ಆದರೆ ಈ ಕಡ್ಡಿಯನ್ನು ಅವಳು ಯಾವತ್ತೂ ಪರೀಕ್ಷೆಯ ವಸ್ತು ಎಂದು ಎಣಿಸಿರಲೇ ಇಲ್ಲ.

ಅವನಿಗೆ ಫೋನು ಮಾಡಿದಳು.

"ನಿನ್ನ ಕೊನೇ ಕಡ್ಡಿ ಮುರೀತು."

"ಪರವಾಗಿಲ್ಲ," ಎಂದ ಅವನು. "ಮುರಿಯೋಕೇ ತಾನೆ ಮಾಡಿದ್ದು."

"ಓವನ್ನಲ್ಲಿ ಇಟ್ಟಿದ್ದೆ. ನೀನು ಹೋದಾಗಿಂದ. ಬೆಚ್ಚಗಿರ್ಲಿ ಅಂತ."

"ಹೋಗ್ಲಿ ಬಿಡು, ಪರವಾಗಿ..."

"ಆ ಮಾತು ಆಡ್ಬೇಡ. ನೀನು ಹೊರಟಾಗ ನಾನೂ ಅದನ್ನೇ ಅಂದೆ. ಸುಳ್ಳು ಹೇಳಿದ್ದೆ."

ಕಟ್ ಮಾಡಿದನೇನೋ ಎಂದು ಅವಳು ಫೋನಿನ ಪರದೆ ನೋಡಿಕೊಂಡಳು. ಆಮೇಲೆ, ಇಷ್ಟು ವರ್ಷಗಳಲ್ಲಿ ಅವಳು ಕೇಳಿಯೇ ಇರದ ದನಿಯೊಂದು ಬಂತು.

"ಓವನ್ನಲ್ಲಾ? ತಲೆ ನೆಟ್ಟಗಿದೆಯಾ ನಿಂಗೆ? ಅದನ್ನ ಎರೆಯೋಕೆ ಎಷ್ಟು ಒದ್ದಾಡಿದ್ದೆ ಗೊತ್ತಾ? ಅದಿರ್ಲಿ, ಅವತ್ತು ಬಾಗಿಲಲ್ಲಿ ಎಷ್ಟೊತ್ತು ನಿಂತಿದ್ದೆ ನಾನು. ಹೋಗ್ಬೇಡ ಅಂತ ಒಂದು ಮಾತು ಹೇಳೋಕೆ ನಿಂಗೇನು ಧಾಡಿಯಾಗಿತ್ತು?"

ಅವಳು ಕುರ್ಚಿ ಎಳೆದುಕೊಂಡು ಕೂತಳು. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಬಯ್ಯಿ," ಎಂದಳು. "ಇನ್ನೂ ಬಯ್ಯಿ. ಆಮೇಲೆ ನನ್ನ ಸರದಿ."